ಭಾಷಾಭ್ಯಾಸಿಗಳಿಗೆ ತಕ್ಕ ಮುಕ್ತ ಗಣಕವ್ಯವಸ್ಥೆ

ಗ್ರಂಥಸಂಪಾದನೆ, ನಿಘಂಟುರಚನೆ, ಉಪಭಾಷೆಗಳ ಪರಿಶೀಲನೆ, ತರಗತಿಯ ಪಾಠಪ್ರವಚನ, ಇವುಗಳಲ್ಲಿ ಯಾವುದನ್ನು ಕೈಕೊಂಡರೂ ಇಂದಿನ ವಿದ್ವಾಂಸನ ಮೇಜಿನ ಮೇಲೆ ಗಣಕಯಂತ್ರವೊಂದು ಇದ್ದೇ ಇರುವುದು. ಆದರೆ ಗ್ರಂಥದ ಪಾಠವನ್ನು ನಿರ್ಣಯಿಸುವಾಗ ನಾವು ವಹಿಸುವ ಎಚ್ಚರಿಕೆಯನ್ನು ಆ ಪಾಠವನ್ನು ತುಂಬಿಡುವ ಯಂತ್ರದ ವಿಷಯದಲ್ಲಿ ವಹಿಸುವುದಿಲ್ಲ. ಮಾರಿದವರು ಏನನ್ನು ತುಂಬಿ ಕೊಟ್ಟರೋ ಅದರಲ್ಲಿಯೇ ಕೆಲಸಮಾಡುತ್ತ ಹೋಗುತ್ತೇವೆ. ಯಂತ್ರವನ್ನು ನಡೆಯಿಸುವ ವ್ಯವಸ್ಥೆಗಳಲ್ಲಿ ಆಯ್ಕೆಗೆ ಅವಕಾಶವುಂಟೆಂಬುದೂ, ಆ ಆಯ್ಕೆ ಪಂಡಿತರಿಗೆ ಸಂಬಂಧಪಟ್ಟದ್ದೆಂಬುದೂ ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ಗಣಕಶಾಸ್ತ್ರದಲ್ಲಿ ಪರಿಶ್ರಮವಿಲ್ಲದ ಭಾಷಾಭ್ಯಾಸಿಯು ತನ್ನ ವ್ಯಾಸಂಗದ ತಂತ್ರಾಂಶಗಳನ್ನು ನಡೆಯಿಸುವುದಕ್ಕೆ ಮುಕ್ತವ್ಯವಸ್ಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬಹುದು, ಯಾವ ಪ್ರಮಾಣಗಳಿಂದ ಆರಿಸಿಕೊಳ್ಳಬೇಕು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಪ್ರಶ್ನೆಯ ಹಿನ್ನೆಲೆ

ಈ ಪ್ರಶ್ನೆ ನನಗೆ ಒದಗಿದ ಸಂದರ್ಭವನ್ನು ಮೊದಲು ಹೇಳುವುದು ಅಪ್ರಸ್ತುತವಾಗಲಾರದು. ಹಳಗನ್ನಡ ಕಾವ್ಯವೊಂದಕ್ಕೆ ಶಬ್ದಸೂಚಿಯನ್ನು ಸಿದ್ಧಪಡಿಸಿ, ಆಗ ಬಳಕೆಯಲ್ಲಿದ್ದ ಅಕ್ಷರಶೈಲಿಯೊಂದರಲ್ಲಿ ಗಣಕಕ್ಕೆ ಊಡಿಸಿಟ್ಟಿದ್ದೆನು. ಹಲವು ವರ್ಷಗಳ ಮೇಲೆ ಯಂತ್ರವನ್ನು ಬದಲಾಯಿಸಿ ಆ ಕಡತವನ್ನು ತೆರೆದಾಗ, ಕನ್ನಡದ ಒಂದಕ್ಷರವೂ ಕಾಣದೆ ರೋಮನ್ ಲಿಪಿಯ ಅಸಂಬದ್ಧ ಚಿಹ್ನೆಗಳ ಸಾಲುಗಳು ಮಾತ್ರ ಕಂಡುವು. ಕಾರಣವನ್ನು ವಿಚಾರಿಸಲು ತಿಳಿದುದಿಷ್ಟು: ಆ ಕಾಲದ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿಟ್ಟಿದ್ದುವು. ಯಂತ್ರವು ಒಳಗೆ ಬರೆದಿಟ್ಟುಕೊಂಡದ್ದು ರೋಮನ್ ಸಂಕೇತವನ್ನೇ. ನಮ್ಮ ಕಣ್ಣಿಗೆ ಕನ್ನಡವನ್ನು ತೋರುತ್ತಿದ್ದುದು ಆ ಶೈಲಿಯೊಂದೇ. ಶೈಲಿ ಹೋದೊಡನೆ ಕನ್ನಡವೂ ಹೋಯಿತು.

ಪರಿವರ್ತಕ ತಂತ್ರಾಂಶದಿಂದ ಹೆಚ್ಚಿನ ಭಾಗ ಮರಳಿ ದೊರೆಯಿತು. ಆದರೆ ಱಕಾರ ೞಕಾರಗಳಿದ್ದೆಡೆಯಲ್ಲೆಲ್ಲ ರಕಾರ ಳಕಾರಗಳು ಬಂದು ನಿಂತಿದ್ದುವು. ಹೊಸಗನ್ನಡದ ಪತ್ರವ್ಯವಹಾರಕ್ಕೆ ಇದರಿಂದ ಹಾನಿಯಿಲ್ಲ. ಹಳಗನ್ನಡದ ಶಬ್ದಸೂಚಿಗಾದರೋ ಇದು ಪ್ರಾಣಹಾನಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಬಿಡಿಸಿ ಹೇಳಿದ ಭೇದವನ್ನು ಯಂತ್ರವು ಒಂದು ಕ್ಷಣದಲ್ಲಿ ಅಳಿಸಿಹಾಕಿತ್ತು. ಅಚ್ಚಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಸೂಚಿಯನ್ನೆಲ್ಲ ಮೊದಲಿನಿಂದ ತಿದ್ದಬೇಕಾಯಿತು. ಇಂತಹ ಅನುಭವ ನನ್ನೊಬ್ಬನದಲ್ಲವೆಂಬುದನ್ನು ವಾಚಕರಲ್ಲಿ ಹಲವರು ಬಲ್ಲರು.

ಇದರಿಂದ ನಾವು ಕಲಿಯಬೇಕಾದುದು ಯಾವುದೋ ಒಂದು ತಂತ್ರಾಂಶವನ್ನು ದೂಷಿಸುವುದನ್ನಲ್ಲ. ಬರೆಹವು ಯಾವ ಒಂದು ಯಂತ್ರವನ್ನಾಗಲಿ ತಂತ್ರಾಂಶವನ್ನಾಗಲಿ ನೆಚ್ಚಿಕೊಳ್ಳದೆ ಬದುಕುವಂತಿರಬೇಕು. ವ್ಯವಸ್ಥೆಯ ಆಯ್ಕೆಗೆ ಮುಖ್ಯಪ್ರಮಾಣ ಇದೇ. ಉಳಿದ ಗುಣದೋಷಗಳೆಲ್ಲ ಇದರ ತರುವಾಯ ಬರತಕ್ಕವು.

೨. ‘ವ್ಯವಸ್ಥೆ’ ಮತ್ತು ‘ಮುಕ್ತ’ ಎಂಬ ಮಾತುಗಳ ಅರ್ಥ

ಗಣಕದ ಬಿಡಿಭಾಗಗಳನ್ನು ಒಂದುಗೂಡಿಸಿ, ನಾವು ಬಳಸುವ ತಂತ್ರಾಂಶಗಳಿಗೆ ಅವುಗಳ ಸೇವೆಯನ್ನು ಒದಗಿಸಿಕೊಡುವ ಮೂಲತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಎಂಬುದು ಅಂತಹ ಒಂದು ವ್ಯವಸ್ಥೆ. ಮುಂದೆ ಹೇಳಲಿರುವ ಲಿನಕ್ಸ್ ಕುಟುಂಬದವು ಬೇರೆ ಕೆಲವು. ಕೀಲಿಮಣೆಯಲ್ಲಿ ಒತ್ತಿದ ಕೀಲಿ ಯಾವ ಅಕ್ಷರವಾಗಬೇಕು, ಒತ್ತಕ್ಷರ ಹೇಗೆ ಕೂಡಬೇಕು, ಕಡತ ಎಲ್ಲಿ ಸೇರಬೇಕು ಎಂಬಿವೆಲ್ಲ ಈ ವ್ಯವಸ್ಥೆಯ ಅಧೀನ. ಆದುದರಿಂದ ಇದು ಭಾಷಾಭ್ಯಾಸಿಗೆ ಹೊರಗಿನ ವಿಷಯವಲ್ಲ.

‘ಮುಕ್ತ’ ಎಂದರೆ ಉಚಿತವೆಂದಷ್ಟೇ ಅರ್ಥವಲ್ಲ. ತಂತ್ರಾಂಶವನ್ನು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆದು, ಆಮೇಲೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವರು. ಖಾಸಗಿ ತಂತ್ರಾಂಶಗಳನ್ನು ಕೊಳ್ಳುವವರಿಗೆ ಈ ಎರಡನೆಯ ರೂಪವಷ್ಟೇ ದೊರೆಯುವುದು. ಮುಕ್ತ ತಂತ್ರಾಂಶದಲ್ಲಿ ಮೂಲವನ್ನೂ ಕೊಡುವರು. ಅದನ್ನು ಓದಲು, ತಿದ್ದಲು, ಪ್ರತಿಮಾಡಿ ಹಂಚಲು ಎಲ್ಲರಿಗೂ ಅನುಮತಿಯುಂಟು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ‘ಗ್ನೂ’ ಎಂಬ ಯೋಜನೆಯನ್ನು ಘೋಷಿಸಿ ಈ ತತ್ತ್ವಕ್ಕೆ ವ್ಯವಸ್ಥಿತ ರೂಪವನ್ನು ಕೊಟ್ಟರು. ೧೯೮೯ರಲ್ಲಿ ಹೊರಬಿದ್ದ ಆ ಯೋಜನೆಯ ಸಾರ್ವಜನಿಕ ಪರವಾನಗಿಯ ತಿರುಳು ಹೀಗಿದೆ: ಪ್ರತಿಯನ್ನು ಹಂಚುವಾತನು ಮೂಲವನ್ನೂ ದೊರಕಿಸತಕ್ಕದ್ದು, ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೆ ತಪ್ಪಿಸತಕ್ಕದ್ದಲ್ಲ. ಮಾತೃಕೆಯನ್ನು ಬಚ್ಚಿಟ್ಟು ಮುದ್ರಿತ ಪಾಠವನ್ನು ಮಾತ್ರ ಕೊಡುವ ಸಂಪಾದಕನನ್ನು ನಾವು ಒಪ್ಪುವುದಿಲ್ಲ. ಪ್ರತಿಗಳ ವಿವರವನ್ನೂ ಪಾಠಾಂತರಗಳನ್ನೂ ಕೊಡಬೇಕೆಂದು ಕೇಳುತ್ತೇವೆ. ಮುಕ್ತ ತಂತ್ರಾಂಶದವರು ಕೇಳುವುದೂ ಅದನ್ನೇ.

ಈ ಗುಣದಿಂದ ನಮಗೆ ಆಗುವ ಪ್ರಯೋಜನ ಸ್ಪಷ್ಟವಾಗಿದೆ. ಒಂದು ಸಂಸ್ಥೆ ಕೆಲಸವನ್ನು ನಿಲ್ಲಿಸಿದರೂ ಮೂಲವು ಕೈಯಲ್ಲಿರುವುದರಿಂದ ಮತ್ತೊಬ್ಬರು ಅದನ್ನು ಮುಂದುವರಿಸಬಲ್ಲರು. ಕನ್ನಡದಂತಹ ಭಾಷೆಗೆ ಬೇಕಾದ ತಿದ್ದುಪಡಿಯನ್ನು, ಅದರಿಂದ ಲಾಭವಿಲ್ಲವೆಂದು ದೊಡ್ಡ ಸಂಸ್ಥೆಗಳು ಬಿಟ್ಟರೂ, ಕನ್ನಡಿಗರೇ ಮಾಡಿಕೊಳ್ಳಬಲ್ಲರು.

೩. ವಂಶಾವಳಿ

೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬವರು ವ್ಯವಸ್ಥೆಯ ತಿರುಳಾದ ಭಾಗವನ್ನು ಬರೆದು ಪ್ರಕಟಿಸಿದರು. ಮರುವರ್ಷ ಅದನ್ನು ಮೇಲೆ ಹೇಳಿದ ಪರವಾನಗಿಗೆ ಒಳಪಡಿಸಿದರು. ಅದೇ ಲಿನಕ್ಸ್. ಆದರೆ ತಿರುಳೊಂದರಿಂದ ಬಳಕೆ ಸಾಗದು. ಅದರ ಸುತ್ತ ಗ್ನೂ ಯೋಜನೆಯ ಉಪಕರಣಗಳನ್ನೂ, ಕಿಟಕಿ ಗುಂಡಿಗಳ ಮೇಲ್ಮೈಯನ್ನೂ, ಬರೆಯುವ ಓದುವ ತಂತ್ರಾಂಶಗಳನ್ನೂ ಜೋಡಿಸಿ ಒಂದು ಕಟ್ಟಾಗಿ ಕೊಡಬೇಕು. ಹೀಗೆ ಕಟ್ಟಿದುದಕ್ಕೆ ‘ವಿತರಣೆ’ ಎಂದು ಹೆಸರು. ಯಾರು ಬೇಕಾದರೂ ಕಟ್ಟಬಹುದಾದ ಕಾರಣ ವಿತರಣೆಗಳು ನೂರಾರಾಗಿವೆ; ಹೊಸಬನಿಗೆ ದಿಕ್ಕುತೋಚದಿರುವುದು ಇಲ್ಲಿಯೇ.

ಹಸ್ತಪ್ರತಿಗಳ ಸಂಖ್ಯೆ ಎಷ್ಟೇ ಇದ್ದರೂ ಅವುಗಳ ವಂಶವೃಕ್ಷವನ್ನು ಬರೆದಾಗ ಕೆಲವೇ ಶಾಖೆಗಳು ಉಳಿಯುವಂತೆ, ಇಲ್ಲಿಯೂ ಶಾಖೆಗಳು ಕೆಲವೇ. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಒಂದು ದೊಡ್ಡ ಮೂಲ. ಸ್ವಯಂಸೇವಕರ ಸಮುದಾಯವೊಂದು ಅದನ್ನು ಇಂದಿಗೂ ನಡೆಯಿಸುತ್ತಿದೆ. ಡೆಬಿಯನ್ನಿನಿಂದ ೨೦೦೪ರಲ್ಲಿ ಉಬುಂಟು, ಉಬುಂಟುವಿನಿಂದ ೨೦೦೬ರಲ್ಲಿ ಲಿನಕ್ಸ್ ಮಿಂಟ್ ಹುಟ್ಟಿದುವು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳನ್ನು ಉದ್ದೇಶಿಸಿ ರೂಪಿಸಿದ ‘ಬಾಸ್’ ಎಂಬ ವ್ಯವಸ್ಥೆಯೂ ಡೆಬಿಯನ್ ವಂಶದ್ದೇ. ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ೨೦೦೩ರಿಂದ ಬರುತ್ತಿರುವ ಫೆಡೋರಾ ಬೇರೊಂದು ಶಾಖೆ. ಆರ್ಚ್ ಎಂಬುದು ಮೂರನೆಯದು. ಅದು ಎಲ್ಲವನ್ನೂ ಬಳಸುವವನೇ ಕೂಡಿಸಿಕೊಳ್ಳಬೇಕೆಂಬ ಮತದ್ದಾದುದರಿಂದ ಪ್ರಾರಂಭಿಕನಿಗೆ ಹೇಳಿದ್ದಲ್ಲ.

ಒಂದೇ ವಂಶದವುಗಳ ನಡುವೆ ಮೇಲ್ಮೈಯ ವ್ಯತ್ಯಾಸ ಎದ್ದುಕಾಣುವುದಾದರೂ ಒಡಲು ಬಹುಮಟ್ಟಿಗೆ ಒಂದೇ. ಡೆಬಿಯನ್ನಿಗಾಗಿ ಸಿದ್ಧಪಡಿಸಿದ ಕನ್ನಡದ ಅಕ್ಷರಶೈಲಿಗಳ ಕಟ್ಟು ಉಬುಂಟುವಿಗೂ ಮಿಂಟಿಗೂ ಹಾಗೆಯೇ ಇಳಿದುಬರುವುದು. ಆದಕಾರಣ ಹೊಸಬನು ನೂರು ಹೆಸರುಗಳನ್ನು ಕಂಡು ಅಂಜಬೇಕಾದುದಿಲ್ಲ. ವಂಶವನ್ನು ನಿಶ್ಚಯಿಸಿದರೆ ಮುಕ್ಕಾಲು ಆಯ್ಕೆ ಮುಗಿದಂತೆ.

೪. ಮೊದಲನೆಯ ಪರೀಕ್ಷೆ: ಲಿಪಿ

ಭಾಷಾಭ್ಯಾಸಿಯು ಯಾವ ವ್ಯವಸ್ಥೆಯನ್ನೇ ಆಗಲಿ ಮೊಟ್ಟಮೊದಲು ಲಿಪಿಯ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಈಗ ಲೋಕದ ಲಿಪಿಗಳಿಗೆಲ್ಲ ಒಂದೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಶಿಷ್ಟತೆ ರೂಢಿಯಲ್ಲಿದೆ. ೧೯೯೧ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಱಕಾರ ೞಕಾರಗಳಿಗೂ ಅದರಲ್ಲಿ ತಮ್ಮವೇ ಸ್ಥಾನಗಳಿವೆ. ೞಕಾರದ ಇಂಗ್ಲಿಷ್ ಹೆಸರು ಮಾತ್ರ ‘ಫ’ ಎಂಬರ್ಥ ಬರುವಂತೆ ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಶಿಷ್ಟತೆಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಜೊತೆಗೆ ಸೇರಿಸಿದ್ದಾರೆ. ಹೆಸರು ತಪ್ಪಾದರೂ ಅಕ್ಷರ ಉಳಿದಿದೆ. ನಮಗೆ ಬೇಕಾದುದು ಅಷ್ಟೇ. ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ನಕಾರಪೊಲ್ಲಿಗೂ ಸ್ಥಾನ ಸಿಕ್ಕಿದೆ. ಇಂತಹ ಹೊಸ ಸೇರ್ಪಡೆಗಳನ್ನು ಹಳೆಯ ಅಕ್ಷರಶೈಲಿಗಳು ತೋರಲಾರವು. ಬರಿಯ ಚೌಕವೊಂದು ಕಂಡರೆ ದೋಷ ಕಡತದಲ್ಲಿಲ್ಲ, ಶೈಲಿಯಲ್ಲಿದೆಯೆಂದು ತಿಳಿಯಬೇಕು.

ಸಂಖ್ಯೆ ಸರಿಯಾಗಿದ್ದರೆ ಸಾಲದು. ಆಕೃತಿಯೂ ಸರಿಯಾಗಿ ಕೂಡಬೇಕು. ಕನ್ನಡದಲ್ಲಿ ಉಚ್ಚಾರಣೆಯ ಕ್ರಮ ಒಂದು, ಬರೆಯುವ ಕ್ರಮ ಮತ್ತೊಂದು: ‘ಅರ್ಕ’ ಎಂಬಲ್ಲಿ ಮೊದಲು ನುಡಿಯುವ ರೇಫವು ಕಕಾರದ ಬಲಕ್ಕೆ ಹೋಗಿ ನಿಲ್ಲುವುದು. ಈ ಜೋಡಣೆಯನ್ನು ಮಾಡುವ ‘ಹಾರ್ಫ್‌ಬಜ್’ ಎಂಬ ಮುಕ್ತ ಉಪಕರಣ ಲಿನಕ್ಸ್ ವಿತರಣೆಗಳಲ್ಲೆಲ್ಲ ಇದೆ. ಆದುದರಿಂದ ಮೇಲೆ ಹೆಸರಿಸಿದ ಯಾವ ವಿತರಣೆಯಲ್ಲಿಯೂ ಕನ್ನಡ ಒಡೆದು ಕಾಣುವ ಕಾಲ ಕಳೆದುಹೋಯಿತೆನ್ನಬಹುದು. ಆದರೂ ಪರೀಕ್ಷಿಸದೆ ನಂಬುವುದು ಯುಕ್ತವಲ್ಲ. ‘ಅರ್ಕ’, ‘ಶಾಸ್ತ್ರ’, ‘ಕೃಷ್ಣ’, ‘ಪೊಱಮಟ್ಟು’, ‘ಪೞಗನ್ನಡ’, ‘ಮಾೞ್ಕೆ’, ‘ರ‍್ಯಾಂಕ್’ ಎಂಬ ಏಳು ಮಾತುಗಳನ್ನು ಬರೆದು ನೋಡಬೇಕು. ಕಡೆಯದರಲ್ಲಿ ರೇಫವು ಅರ್ಕಾವೊತ್ತಾಗದೆ ಪೂರ್ಣಾಕ್ಷರವಾಗಿಯೇ ಉಳಿದು ಯಕಾರವು ಒತ್ತಾಗಬೇಕು. ಇದಕ್ಕಾಗಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ನಡುವೆ ಇಡುವ ಪದ್ಧತಿಯಿದೆ. ಈ ಏಳೂ ತೆರೆಯ ಮೇಲೂ ಅಚ್ಚಿನಲ್ಲಿಯೂ ಸರಿಯಾಗಿ ಬಂದರೆ ಉಳಿದುದೂ ಸರಿಯಾಗಿಯೇ ಬರುವುದೆಂದು ನಂಬಬಹುದು.

ಡೆಬಿಯನ್ ವಂಶದಲ್ಲಿ ಕನ್ನಡ ಅಕ್ಷರಶೈಲಿಗಳ ಕಟ್ಟೊಂದಿದ್ದು, ‘ಗುಬ್ಬಿ’ ‘ನವಿಲು’ ಎಂಬ ಎರಡು ಮುಕ್ತ ಶೈಲಿಗಳು ಅದರಿಂದ ಬರುವುವು. ‘ಲೋಹಿತ್’ ಮತ್ತು ‘ನೋಟೋ’ ಶೈಲಿಗಳನ್ನೂ ಸೇರಿಸಿಕೊಳ್ಳಬಹುದು. ಗ್ರಂಥಮುದ್ರಣಕ್ಕೆ ‘ನೋಟೋ’ದ ದಪ್ಪ ತೆಳುಪು ರೇಖೆಗಳುಳ್ಳ ಭೇದವು ಅನುಕೂಲ.

೫. ಎರಡನೆಯ ಪರೀಕ್ಷೆ: ಕೀಲಿಮಣೆ

ಕನ್ನಡವನ್ನು ತೋರುವುದು ಒಂದಾದರೆ ಊಡಿಸುವುದು ಇನ್ನೊಂದು. ನಮ್ಮಲ್ಲಿ ಮೂರು ಕ್ರಮಗಳು ರೂಢಿಯಲ್ಲಿವೆ. ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದು ಪ್ರಸಿದ್ಧವಾದ ಕ್ರಮ ಒಂದು. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ‘ಇನ್‌ಸ್ಕ್ರಿಪ್ಟ್’ ಇನ್ನೊಂದು. ರೋಮನ್ ಲಿಪಿಯಲ್ಲಿ ಬರೆದುದು ಕನ್ನಡವಾಗುವ ಲಿಪ್ಯಂತರಕ್ರಮ ಮತ್ತೊಂದು. ಲಿನಕ್ಸ್ ವಿತರಣೆಗಳಲ್ಲಿ ಕಗಪ ಮತ್ತು ಇನ್‌ಸ್ಕ್ರಿಪ್ಟ್ ಮಾದರಿಯ ವಿನ್ಯಾಸಗಳು ಮೊದಲೇ ಅಡಕವಾಗಿರುವುವು. ಕೀಲಿಮಣೆಯ ಸಿದ್ಧತೆಗಳಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ‘ಐಬಸ್’ ಎಂಬ ಊಡಿಕೆಯ ಸಾಧನವನ್ನೂ ಅದಕ್ಕೆ ಹೊಂದುವ ‘ಎಂ೧೭ಎನ್’ ಎಂಬ ಸಂಗ್ರಹವನ್ನೂ ಹಾಕಿಕೊಂಡರೆ ಮೂರು ಕ್ರಮಗಳೂ ದೊರೆಯುವುವು.

ಹಿಂದಿನಿಂದ ಅಭ್ಯಾಸವಾದ ಬೆರಳಾಟವನ್ನು ಬಿಡಬೇಕಾಗುವುದೆಂಬ ಹೆದರಿಕೆಯಿಂದಲೇ ಎಷ್ಟೋ ಮಂದಿ ಹೊಸ ವ್ಯವಸ್ಥೆಯ ಕಡೆಗೆ ತಿರುಗುವುದಿಲ್ಲ. ನುಡಿ ತಂತ್ರಾಂಶದಲ್ಲಿ ಬರೆದು ರೂಢಿಯಾದವರಿಗೆ ಕಗಪ ವಿನ್ಯಾಸ ಹೊಸತೇನಲ್ಲವಾದುದರಿಂದ ಈ ಹೆದರಿಕೆಗೆ ಆಧಾರ ಕಡಮೆ. ಱಕಾರ ೞಕಾರಗಳು ಯಾವ ಕೀಲಿಯಲ್ಲಿ ಬರುವುವೆಂಬುದನ್ನು ಮಾತ್ರ ಮೊದಲ ದಿನವೇ ಹುಡುಕಿ ಬರೆದಿಟ್ಟುಕೊಳ್ಳಬೇಕು. ಅವು ಸಿಕ್ಕದಿದ್ದ ಪಕ್ಷದಲ್ಲಿ, ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಎಂಬ ಮೂರು ಕೀಲಿಗಳನ್ನು ಕೂಡಿಸಿ ಒತ್ತಿ, ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಬರೆದು ಅದನ್ನು ಪಡೆಯುವ ದಾರಿಯಿದೆ. ೞಕಾರಕ್ಕೆ ಆ ಸಂಖ್ಯೆ ‘ಸೊನ್ನೆ, ಸಿ, ಡಿ, ಇ’ ಎಂಬುದು.

೬. ಮೂರನೆಯ ಪರೀಕ್ಷೆ: ವ್ಯಾಸಂಗದ ತಂತ್ರಾಂಶಗಳು

ವ್ಯವಸ್ಥೆಯು ಪಾತ್ರೆ, ತಂತ್ರಾಂಶಗಳು ಅದರಲ್ಲಿ ಬೇಯುವ ಅಡಿಗೆ. ಆದುದರಿಂದ ತನಗೆ ಬೇಕಾದ ತಂತ್ರಾಂಶಗಳ ಪಟ್ಟಿಯನ್ನು ಮೊದಲು ಬರೆದುಕೊಂಡು, ಆಮೇಲೆ ವ್ಯವಸ್ಥೆಯನ್ನು ಆರಿಸುವುದು ಸರಿಯಾದ ಕ್ರಮ. ಅನೇಕರು ಇದನ್ನು ತಿರುಗುಮುರುಗು ಮಾಡುವರು. ಭಾಷಾವ್ಯಾಸಂಗದಲ್ಲಿ ಹೆಚ್ಚಾಗಿ ಬೇಕಾಗುವ ಕೆಲವನ್ನು ಇಲ್ಲಿ ಸಂಗ್ರಹವಾಗಿ ಹೇಳುವೆನು.

ಧ್ವನಿಶಾಸ್ತ್ರಕ್ಕೆ ‘ಪ್ರಾಟ್’ ಮುಖ್ಯವಾದುದು. ಆಮ್ಸ್ಟರ್‌ಡ್ಯಾಂ ವಿಶ್ವವಿದ್ಯಾನಿಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಎಂಬವರು ಇದನ್ನು ರಚಿಸಿದರು. ಹ್ರಸ್ವದೀರ್ಘಗಳ ಕಾಲಪರಿಮಾಣವನ್ನು ಅಳೆಯುವುದಕ್ಕೂ, ಆಡುಮಾತಿನಲ್ಲಿ ಮಹಾಪ್ರಾಣವು ಎಷ್ಟರಮಟ್ಟಿಗೆ ಉಳಿದಿದೆಯೆಂದು ಕಿವಿಯನ್ನಷ್ಟೇ ನಂಬದೆ ನಿರ್ಣಯಿಸುವುದಕ್ಕೂ ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಧ್ವನಿಮುದ್ರಿಕೆಗೂ ಚಲಚ್ಚಿತ್ರಕ್ಕೂ ಪದಶಃ ಟಿಪ್ಪಣಿಯನ್ನು ಕೂಡಿಸಲು ನೈಮೇಗನ್ನಿನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾಶಾಸ್ತ್ರ ಸಂಸ್ಥೆಯ ‘ಎಲಾನ್’ ಇದೆ. ಜನಪದ ಕಥೆಗಳನ್ನೂ ಯಕ್ಷಗಾನದ ಮಾತುಗಾರಿಕೆಯನ್ನೂ ಬರೆದುಕೊಳ್ಳುವವರಿಗೆ ಇದು ತಕ್ಕುದು. ಇವೆರಡೂ ಲಿನಕ್ಸಿನಲ್ಲಿ ನಡೆಯುವುವು.

ಶಬ್ದಗಳ ಆವೃತ್ತಿಯನ್ನೂ ಸನ್ನಿವೇಶಗಳನ್ನೂ ಒಟ್ಟುಮಾಡಿ ತೋರಲು ಜಪಾನಿನ ವಸೇಡಾ ವಿಶ್ವವಿದ್ಯಾನಿಲಯದ ಲಾರೆನ್ಸ್ ಆಂತೊನಿಯವರ ‘ಆಂಟ್‌ಕಾಂಕ್’ ಪ್ರಸಿದ್ಧವಾಗಿದೆ. ಅದಕ್ಕೆ ಲಿನಕ್ಸಿನ ರೂಪವೂ ಉಂಟು. ಆದರೆ ಅದು ಉಚಿತವೇ ಹೊರತು ಮುಕ್ತವಲ್ಲ, ಮೂಲವನ್ನು ಪ್ರಕಟಿಸಿಲ್ಲ. ವ್ಯವಸ್ಥೆ ಮುಕ್ತವಾದ ಮಾತ್ರಕ್ಕೆ ಅದರಲ್ಲಿ ನಡೆಯುವುದೆಲ್ಲ ಮುಕ್ತವಾಗಬೇಕಾದುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಮುದ್ರಿತ ಪುಟದ ಚಿತ್ರವನ್ನು ಓದಿ ಅಕ್ಷರವಾಗಿ ಮಾಡಿಕೊಡುವ ‘ಟೆಸರಾಕ್ಟ್’ ಹಳೆಯ ಪುಸ್ತಕಗಳನ್ನು ಉದ್ಧರಿಸುವವರಿಗೆ ಬಹಳ ಉಪಕಾರಿ. ೨೦೦೫ರಲ್ಲಿ ಮುಕ್ತವಾದ ಈ ತಂತ್ರಾಂಶಕ್ಕೆ ಕನ್ನಡದ ಪಾಠವನ್ನು ಕಲಿಸಿದ ದತ್ತಾಂಶ ಡೆಬಿಯನ್ ವಂಶದ ಭಂಡಾರದಲ್ಲಿಯೇ ದೊರೆಯುವುದು. ಹಳೆಯ ಅಚ್ಚುಮೊಳೆಗಳ ಪುಟದಲ್ಲಿ ಒತ್ತಕ್ಷರಗಳನ್ನು ಇದು ತಪ್ಪಾಗಿ ಓದುವುದುಂಟು. ಆದುದರಿಂದ ಇದರ ಫಲವನ್ನು ಲಿಪಿಕಾರನ ಪ್ರತಿಯೆಂದು ಭಾವಿಸಿ ತಿದ್ದಿಕೊಳ್ಳಬೇಕೇ ಹೊರತು ಪಾಠವೆಂದು ಸ್ವೀಕರಿಸಬಾರದು.

ಬರೆವಣಿಗೆಗೆ ೨೦೧೦ರಿಂದ ಬರುತ್ತಿರುವ ‘ಲಿಬ್ರೆ ಆಫೀಸ್’ ಇದೆ. ಅದರ ಕಡತಗಳ ರೂಪವು ೨೦೦೬ರಲ್ಲಿಯೇ ಅಂತರರಾಷ್ಟ್ರೀಯ ಶಿಷ್ಟತೆಯಾಗಿ ಅಂಗೀಕೃತವಾದುದು. ಬೇರೆ ತಂತ್ರಾಂಶಗಳೂ ಅದನ್ನು ತೆರೆಯಬಲ್ಲವು. ಆಧಾರಗ್ರಂಥಗಳ ಪಟ್ಟಿಗೆ ‘ಜೋಟೆರೊ’, ಪಾಠಾಂತರಗಳ ಅಡಿಟಿಪ್ಪಣಿಗಳೊಡನೆ ಗ್ರಂಥವನ್ನು ಅಚ್ಚಿಗೆ ಸಿದ್ಧಪಡಿಸಲು ‘ಜೀಟೆಕ್’ ಮೊದಲಾದುವು, ಕೋಶಗಳನ್ನು ನೋಡಲು ‘ಗೋಲ್ಡನ್‌ಡಿಕ್ಟ್’, ಇವೂ ಉಂಟು. ಹೊಸ ಭಾಷೆಯನ್ನು ಕಲಿಯುವ ವಿದ್ಯಾರ್ಥಿಗಳಿಗೆ ‘ಆಂಕಿ’ ಉಪಯುಕ್ತ: ಚೀಟಿಯ ಒಂದು ಮೈಯಲ್ಲಿ ಪದ, ಇನ್ನೊಂದು ಮೈಯಲ್ಲಿ ಅರ್ಥ, ಮರೆವು ಬರುವ ಹೊತ್ತಿಗೆ ಚೀಟಿ ತಾನಾಗಿಯೇ ಮರಳಿ ಬರುವುದು. ವಿತರಣೆಗಳ ಭಂಡಾರದಲ್ಲಿರುವ ಆಂಕಿ ಹಳತಾಗಿರುವುದುಂಟಾದುದರಿಂದ, ಅದನ್ನು ಅದರ ಕರ್ತೃಗಳು ಕೊಡುವ ರೂಪದಲ್ಲಿಯೇ ಪಡೆಯುವುದು ಲೇಸು.

ವಿಂಡೋಸಿನಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದು ಯಾರಿಗಾದರೂ ಅನಿವಾರ್ಯವಾಗಿದ್ದರೆ, ಅಂತಹವರು ಅದನ್ನು ಒಮ್ಮೆಗೇ ಕಳೆದುಕೊಳ್ಳತಕ್ಕದ್ದಲ್ಲ. ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನಿಟ್ಟುಕೊಂಡು, ಬೇಕಾದಾಗ ಬೇಕಾದುದನ್ನು ತೆರೆಯಬಹುದು. ‘ವೈನ್’ ಎಂಬ ಸಾಧನದಿಂದ ಕೆಲವು ವಿಂಡೋಸ್ ತಂತ್ರಾಂಶಗಳು ಲಿನಕ್ಸಿನಲ್ಲಿಯೂ ನಡೆಯುವುವಾದರೂ ಎಲ್ಲವೂ ನಡೆಯುವುದೆಂಬ ಭರವಸೆಯಿಲ್ಲ. ಅದನ್ನು ನೆಚ್ಚಿ ನಿರ್ಣಯಮಾಡುವುದು ಸಾಧುವಲ್ಲ.

೭. ನಾಲ್ಕನೆಯ ಪರೀಕ್ಷೆ: ಆಯುಸ್ಸು

ಗ್ರಂಥಸಂಪಾದನೆ ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಕೆಲಸದ ನಡುವೆ ವ್ಯವಸ್ಥೆ ಬದಲಾದರೆ ಮನಸ್ಸಿನ ಏಕಾಗ್ರತೆಗೂ ಕಡತಗಳ ಕ್ಷೇಮಕ್ಕೂ ಭಂಗ. ಆದುದರಿಂದ ಒಂದು ಆವೃತ್ತಿಗೆ ಎಷ್ಟು ವರ್ಷಗಳ ಪೋಷಣೆಯುಂಟೆಂಬುದು ದೊಡ್ಡ ವಿಚಾರ. ಪೋಷಣೆ ನಿಂತ ವ್ಯವಸ್ಥೆಗೆ ರಕ್ಷಣೆಯ ತಿದ್ದುಪಡಿಗಳು ಬಾರದೆ, ಅಂತರಜಾಲದ ಸಂಪರ್ಕದಲ್ಲಿ ಅದು ಅಪಾಯಕ್ಕೀಡಾಗುವುದು.

ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಹೊರಡುವುವು. ಒಂದೊಂದಕ್ಕೂ ಐದು ವರ್ಷಗಳ ಸಾಮಾನ್ಯ ಪೋಷಣೆಯಿದೆ. ೨೦೨೪ರ ಏಪ್ರಿಲಿನ ಆವೃತ್ತಿಗೆ ೨೦೨೯ರವರೆಗೆ ಈ ಪೋಷಣೆಯುಂಟು. ಅದನ್ನೇ ಆಧರಿಸಿ ೨೦೨೪ರ ಜುಲೈಯಲ್ಲಿ ಹೊರಟ ಮಿಂಟ್ ೨೨ಕ್ಕೂ ೨೦೨೯ರವರೆಗೆ ಅವಧಿಯಿದೆ. ಡೆಬಿಯನ್ನಿನ ಆವೃತ್ತಿಗೆ ಮೂರು ವರ್ಷ ಪೂರ್ಣಪೋಷಣೆ, ಅನಂತರ ಎರಡು ವರ್ಷ ದೀರ್ಘಪೋಷಣೆ, ಅಂತು ಐದು ವರ್ಷ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸತಾಗುವುದು. ಒಂದೊಂದು ಆವೃತ್ತಿಯ ಆಯುಸ್ಸು ಹದಿಮೂರು ತಿಂಗಳ ಆಸುಪಾಸು. ಫೆಡೋರಾ ಬಹು ಸಮರ್ಥವಾದುದೇ. ಆದರೆ ವರ್ಷವರ್ಷವೂ ಮನೆ ಬದಲಾಯಿಸುವುದು ಎಲ್ಲ ವಿದ್ವಾಂಸರಿಗೂ ಒಗ್ಗದು.

ಈ ವಿಚಾರಕ್ಕೆ ಸಮೀಪದ ಕಾರಣವೊಂದೂ ಒದಗಿದೆ. ವಿಂಡೋಸ್ ೧೦ರ ಸಾಮಾನ್ಯ ಪೋಷಣೆ ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ವಿಂಡೋಸ್ ೧೧ ಕೇಳುವ ರಕ್ಷಣಾಸಾಧನ ಮೊದಲಾದುವಿಲ್ಲದ ಎಷ್ಟೋ ಯಂತ್ರಗಳು, ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಅನರ್ಹವಾದುವು. ಮಿಂಟ್ ಎರಡು ಗಿಗಾಬೈಟ್ ಸ್ಮೃತಿಯಲ್ಲಿಯೂ ನಡೆಯುವುದಾಗಿಯೂ, ನಾಲ್ಕು ಇದ್ದರೆ ಅನುಕೂಲವೆಂದೂ ಅದರ ಕರ್ತೃಗಳು ಹೇಳುತ್ತಾರೆ. ಕಾಲೇಜಿನ ಮೂಲೆ ಸೇರಿದ ಯಂತ್ರಗಳು, ಅರುವತ್ತನಾಲ್ಕು ಬಿಟ್ ಜಾತಿಯವಾಗಿದ್ದರೆ, ಇದರಿಂದ ಮರಳಿ ಬಳಕೆಗೆ ಬರಬಲ್ಲವು.

೮. ತಾರತಮ್ಯ ಮತ್ತು ನಿರ್ಣಯ

ಮೇಲಿನ ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ ನೋಡೋಣ. ಲಿಪಿ ಮತ್ತು ಕೀಲಿಮಣೆಗಳ ವಿಷಯದಲ್ಲಿ ಪ್ರಮುಖ ವಿತರಣೆಗಳೆಲ್ಲ ಹೆಚ್ಚುಕಡಮೆ ಸಮಾನ. ತಂತ್ರಾಂಶಗಳ ಸಮೃದ್ಧಿಯಲ್ಲಿಯೂ, ತೊಡಕು ಬಂದಾಗ ಉತ್ತರ ಹೇಳುವವರ ಸಂಖ್ಯೆಯಲ್ಲಿಯೂ ಡೆಬಿಯನ್ ವಂಶದವು ಪ್ರಾರಂಭಿಕನಿಗೆ ಅನುಕೂಲ. ಆಯುಸ್ಸಿನಲ್ಲಿಯೂ ಅವೇ ಮುಂದು. ಹೀಗಿರಲು ವಂಶದ ನಿರ್ಣಯ ಸುಲಭ. ಉಳಿದುದು ವ್ಯಕ್ತಿಯ ನಿರ್ಣಯ.

ಸ್ವಂತ ಯಂತ್ರದಲ್ಲಿ ಒಬ್ಬನೇ ಕೆಲಸಮಾಡುವ ಅಧ್ಯಾಪಕನಿಗೂ ಸಂಶೋಧಕನಿಗೂ ಲಿನಕ್ಸ್ ಮಿಂಟ್ ತಕ್ಕುದೆಂಬುದು ನನ್ನ ಅಭಿಪ್ರಾಯ. ‘ಸಿನಮನ್’ ಎಂಬ ಅದರ ಮೇಲ್ಮೈಯಲ್ಲಿ ಕೆಳಗಡೆ ಪಟ್ಟಿ, ಎಡಮೂಲೆಯಲ್ಲಿ ಪರಿವಿಡಿ, ಹೀಗೆ ವಿಂಡೋಸಿನಿಂದ ಬಂದವನಿಗೆ ಪರಿಚಿತವಾದ ಏರ್ಪಾಡೇ ಇರುವುದರಿಂದ ಮೊದಲ ದಿನದ ಗಾಬರಿ ಇರುವುದಿಲ್ಲ. ಯಂತ್ರ ಹಳತಾಗಿದ್ದರೆ ಅದರ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರವಾದ ಭೇದವನ್ನು ತೆಗೆದುಕೊಳ್ಳತಕ್ಕದ್ದು. ವಿಭಾಗದ ಅಥವಾ ಗ್ರಂಥಾಲಯದ ಹತ್ತಾರು ಯಂತ್ರಗಳನ್ನು ಒಬ್ಬ ಸಹಾಯಕನು ನೋಡಿಕೊಳ್ಳುವ ಕಡೆ ಡೆಬಿಯನ್ ಅಥವಾ ಉಬುಂಟುವಿನ ದೀರ್ಘಾವಧಿಯ ಆವೃತ್ತಿ ಲೇಸು. ಕೇರಳದಲ್ಲಿ ಶಾಲಾಶಿಕ್ಷಣಕ್ಕಾಗಿ ‘ಕೈಟ್’ ಸಂಸ್ಥೆ ಉಬುಂಟುವನ್ನು ಆಧರಿಸಿದ ವ್ಯವಸ್ಥೆಯನ್ನೇ ಸಿದ್ಧಪಡಿಸಿ ಒದಗಿಸುತ್ತಿದೆ. ಗಣಕತಜ್ಞರಲ್ಲದ ಉಪಾಧ್ಯಾಯರು ಅದನ್ನು ನಿತ್ಯವೂ ಬಳಸುತ್ತಿರ���ವುದು ನಮಗೆ ಧೈರ್ಯವನ್ನು ಕೊಡತಕ್ಕ ಸಂಗತಿ.

೯. ಪ್ರಯೋಗಕ್ರಮ

ನಿರ್ಣಯವನ್ನು ಕಾರ್ಯರೂಪಕ್ಕೆ ತರುವಾಗ ಕೆಲವು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಯಂತ್ರದಲ್ಲಿರುವ ಕಡತಗಳೆಲ್ಲವನ್ನೂ ಹೊರಗಿನ ಎರಡು ಕಡೆ ಪ್ರತಿಮಾಡಿಟ್ಟುಕೊಳ್ಳಬೇಕು. ಸ್ಥಾಪನೆಯಲ್ಲಿ ಒಂದು ಗುಂಡಿಯನ್ನು ತಪ್ಪಿ ಒತ್ತಿದರೆ ಹಳೆಯದೆಲ್ಲ ಅಳಿದುಹೋಗುವುದು. ಎರಡನೆಯದಾಗಿ, ವಿತರಣೆಯನ್ನು ಅದರ ಅಧಿಕೃತ ಸ್ಥಾನದಿಂದಲೇ ಇಳಿಸಿಕೊಂಡು, ಜೊತೆಗೆ ಕೊಟ್ಟಿರುವ ಪರೀಕ್ಷಾಸಂಖ್ಯೆಯೊಡನೆ ತಾಳೆನೋಡಬೇಕು. ಒಂದಕ್ಷರ ವ್ಯತ್ಯಾಸವಾದರೂ ಈ ಸಂಖ್ಯೆ ಬೇರೆಯಾಗುವುದರಿಂದ, ಪ್ರತಿ ಶುದ್ಧವೋ ಅಶುದ್ಧವೋ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೂರನೆಯದಾಗಿ, ಅದನ್ನು ಪೆನ್‌ಡ್ರೈವಿಗೆ ಬರೆದು, ಯಂತ್ರದಲ್ಲಿ ಸ್ಥಾಪಿಸದೆ ಅದರಿಂದಲೇ ನಡೆಯಿಸಿ ನೋಡಬೇಕು. ಈ ಸೌಕರ್ಯ ಮೇಲೆ ಹೇಳಿದ ವಿತರಣೆಗಳಲ್ಲೆಲ್ಲ ಉಂಟು. ಮುದ್ರಣಯಂತ್ರ, ನಿಸ್ತಂತು ಸಂಪರ್ಕ, ಧ್ವನಿ, ಕನ್ನಡದ ಏಳು ಮಾತುಗಳು, ಇವೆಲ್ಲ ಸರಿಯಾಗಿದ್ದರೆ ಆಗ ಮಾತ್ರ ಸ್ಥಾಪನೆಗೆ ಕೈಹಾಕತಕ್ಕದ್ದು. ಒಂದು ವಾರ ಹೀಗೆ ನೋಡಿದರೆ ಯಾರ ಮಾತನ್ನೂ ನಂಬಬೇಕಾದುದಿಲ್ಲ. ನನ್ನ ಮಾತನ್ನು ಸಹ.

೧೦. ಆಕ್ಷೇಪಗಳು ಮತ್ತು ಉಪಸಂಹಾರ

ಬೆಲೆಯಿಲ್ಲದೆ ದೊರೆಯುವುದು ಎಷ್ಟು ದಿನ ಉಳಿದೀತೆಂದು ಕೆಲವರು ಕೇಳಬಹುದು. ಡೆಬಿಯನ್ ಮೂವತ್ತು ವರ್ಷಗಳನ್ನು ದಾಟಿ ನಡೆಯುತ್ತಿರುವುದೇ ಇದಕ್ಕೆ ಉತ್ತರ. ಅದೂ ಒಂದು ದಿನ ನಿಲ್ಲಬಹುದು; ಆಗಲೂ ಮೂಲವು ಲೋಕದ ಕೈಯಲ್ಲಿರುವುದು. ಹೊಸದನ್ನು ಕಲಿಯಲು ವೇಳೆಯೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ವೇಳೆ ಬೇಕೆಂಬುದು ನಿಜ. ಒಂದೆರಡು ವಾರಗಳ ತೊಡಕು ಇದ್ದೇ ಇರುವುದು. ಮುದ್ರಣಯಂತ್ರವೋ ಮತ್ತಾವುದೋ ಹೊಂದದೆ ಹೋಗುವುದೂ ಉಂಟು. ಈ ಕಷ್ಟವನ್ನು ಮರೆಸಿ ಹೊಗಳುವುದು ಈ ಲೇಖನದ ಉದ್ದೇಶವಲ್ಲ.

ವಿಂಡೋಸನ್ನೇ ಇಟ್ಟುಕೊಂಡು ಯೂನಿಕೋಡಿನಲ್ಲಿ ಬರೆದರೆ ಸಾಲದೆ ಎಂಬುದು ಮೂರನೆಯ ಆಕ್ಷೇಪ. ಇದು ಎಲ್ಲಕ್ಕಿಂತ ಬಲವಾದುದು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಯೂನಿಕೋಡಿನಲ್ಲಿ, ಮುಕ್ತ ಶಿಷ್ಟತೆಯ ಕಡತದಲ್ಲಿ ಬರೆದಿಟ್ಟ ಪಾಠ ಯಾವ ವ್ಯವಸ್ಥೆಯಲ್ಲಿಯೂ ಬದುಕುವುದು; ವ್ಯವಸ್ಥೆಯನ್ನು ಬದಲಾಯಿಸದವರೂ ಇಷ್ಟನ್ನು ಇಂದೇ ಮಾಡಬಹುದು, ಮಾಡಲೇಬೇಕು. ಹಳೆಯ ಶೈಲಿಗಳಲ್ಲಿರುವ ಕಡತಗಳನ್ನು, ಅವುಗಳನ್ನು ಓದಬಲ್ಲ ಯಂತ್ರವೊಂದು ಉಳಿದಿರುವಾಗಲೇ ಪರಿವರ್ತಿಸಿ, ಱಕಾರ ೞಕಾರಗಳನ್ನು ಅಚ್ಚಿನ ಪ್ರತಿಯೊಡನೆ ತಾಳೆನೋಡಿ ತಿದ್ದಿಡುವುದು ವ್ಯವಸ್ಥೆಯ ಆಯ್ಕೆಗಿಂತಲೂ ಅವಸರದ ಕೆಲಸ. ಮುಕ್ತವ್ಯವಸ್ಥೆ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ: ಪಾಠದ ಜೊತೆಗೆ ಪಾಠವನ್ನು ತೆರೆಯುವ ಸಾಧನವೂ ನಮ್ಮ ಕೈಯಲ್ಲಿರುವುದು.

ಓಲೆಗರಿ ಶಿಥಿಲವಾದರೆ ಲಿಪಿಕಾರರು ಹೊಸ ಗರಿಯಲ್ಲಿ ಪ್ರತಿಮಾಡುತ್ತಿದ್ದರು. ಗರಿ ಎಂದೂ ಅವರನ್ನು ತಡೆಯಲಿಲ್ಲ. ನಮ್ಮ ಕಾಲದ ಗರಿಯೂ ಹಾಗೆಯೇ ಇರಬೇಕೆಂದು ಬಯಸುವುದು ಅತಿಯಾಸೆಯಾಗಲಾರದು. ಈ ವಿಷಯದಲ್ಲಿ ಅನುಭವವುಳ್ಳ ವಿದ್ವಾಂಸರು ತಮ್ಮ ಪರೀಕ್ಷೆಗಳ ಫಲವನ್ನೂ, ಇಲ್ಲಿ ಹೇಳಿದುದರಲ್ಲಿ ಸ್ಖಾಲಿತ್ಯವಿದ್ದರೆ ಅದನ್ನೂ ತಿಳಿಸಿದಲ್ಲಿ ಉಪಕೃತನಾಗುವೆನು.